ಅಂಚಿನ ಕರಿ

ನಮ್ಮತ್ತೆಯ ಬಲಗೈ ಹೆಬ್ಬೆರಳಿನ ಗೆರೆಗಳಲ್ಲಿ ಕರಿ ಕೂತಿತ್ತು. ಸೀಗೆಪುಡಿ, ಹುಣಸೆಹಣ್ಣು, ಬೂದಿ, ಯಾವುದಕ್ಕೂ ಅದು ಜಗ್ಗಿರಲಿಲ್ಲ. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಮಡಿಕೆ ಮುರಿಯದ ಇಳಕಲ್ ಸೀರೆ. ಅಷ್ಟೆಲ್ಲ ಅಚ್ಚುಕಟ್ಟಿನ ನಡುವೆ ಆ ಒಂದು ಬೆರಳು ಮಾತ್ರ ಇದ್ದಿಲು ಮಾರುವವನದು. ನಾನು ಮದುವೆಯಾಗಿ ಕಂಪ್ಲಿಗೆ ಬಂದ ದಿನ, ಮುತ್ತೈದೆಯರು ಆರತಿ ಎತ್ತಿ ಒಳಗೆ ಕರೆದುಕೊಂಡ ಮೇಲೆ ಅತ್ತೆ ಮಾಡಿದ ಮೊದಲ ಕೆಲಸವೆಂದರೆ ನನ್ನ ಸೆರಗನ್ನು ಆ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿದು ತಿಕ್ಕಿ ನೋಡಿದ್ದು.

"ರೇಷ್ಮಿ ಹೌದು. ಜರಿ ಮ್ಯಾಲ ನಂಗ ನಂಬಿಕಿಲ್ಲ" ಅಂದರು. ಹೊಸಪೇಟೆಯಿಂದ ನನ್ನನ್ನು ಬಿಡಲು ಬಂದಿದ್ದ ನಮ್ಮಪ್ಪನ ಮುಖ ಆಗ ನೋಡಬೇಕಿತ್ತು.

ಮನೆಗೆ ಬಂದ ಯಾವ ವಸ್ತುವೂ ಆ ಎರಡು ಬೆರಳಿನ ನಡುವೆ ಹಾಯದೆ ಒಳಗೆ ಹೋಗುತ್ತಿರಲಿಲ್ಲ. ಹಿಟ್ಟು, ಬೆಲ್ಲ, ಅರಿಸಿನ, ಗಾಣದಿಂದ ಬಂದ ಎಣ್ಣೆ, ನಮ್ಮದೇ ಮಿಲ್ಲಿನಿಂದ ಬಂದ ಅಕ್ಕಿ. ಮಠದಿಂದ ಬಂದ ವಿಭೂತಿಯನ್ನೂ ತಿಕ್ಕಿ, "ಸುಣ್ಣ ಜಾಸ್ತಿ ಆಗೈತಿ" ಅಂದವರು ಅವರು. ನಾನು ಕಡೆದು ತೆಗೆದ ಬೆಣ್ಣೆ ಅವರ ಬೆರಳಿಗೆ ಸಿಕ್ಕಾಗಲೆಲ್ಲ ನನ್ನ ಜೀವ ಬಾಯಿಗೆ ಬರುತ್ತಿತ್ತು. ಅದರಲ್ಲಿ ಕಲಸಲಿಕ್ಕೆ ನನ್ನ ಹತ್ತಿರ ಏನಿತ್ತು ಅಂತ ಈಗಲೂ ತಿಳಿಯದು. ಆದರೆ ಹಾಗೆ ನೋಡಿಸಿಕೊಂಡ ಮನುಷ್ಯರಿಗೆ ತಾವೇ ಏನೋ ಕಲಸಿದ್ದೇವೇನೋ ಅನ್ನಿಸುತ್ತದೆ.

ಆ ಕರಿಯ ಮೂಲ ಮನೆಯ ಕಾರು. ಮಾವನವರು ಸಂಡೂರಿನ ಗಣಿಯ ದೊರೆಯೊಬ್ಬನಿಂದ ಕೊಂಡಿದ್ದ ಹಳೆಯ ಗಾಡಿ. ಹಸಿರು ಬಣ್ಣ, ತಲೆಯ ಮೇಲೆ ಕ್ಯಾನ್ವಾಸ್ ಹೊದಿಕೆ. ಅಂಥ ಗಾಡಿಗಳಲ್ಲಿ ಪೆಟ್ರೋಲು, ಎಣ್ಣೆ ಉರಿದು ಎಂಜಿನ್ನಿನ ಒಳಗೆ ಕರಿ ಕಟ್ಟುತ್ತಿತ್ತು. ಕರಿ ಹೆಚ್ಚಾದ ಹಾಗೆ ಏರಿನಲ್ಲಿ ಟಕಟಕ ಸದ್ದು, ಎಳೆಯುವ ಶಕ್ತಿ ಕಡಿಮೆ. ಆಗಾಗ ಮೇಲಿನ ಮುಚ್ಚಳ ಬಿಚ್ಚಿ ಅದನ್ನು ಕೆರೆದು ತೆಗೆಯಲೇಬೇಕಿತ್ತು. ಮಾವನವರು ತೀರಿಕೊಂಡ ವರ್ಷ ಗಾಡಿಯನ್ನು ಈ ಕೆಲಸಕ್ಕೆಂದು ಬಳ್ಳಾರಿಯ ಒಬ್ಬ ಮೇಸ್ತ್ರಿಯ ಹತ್ತಿರ ಬಿಟ್ಟಿದ್ದರಂತೆ. ತಿರುಗಿ ಬಂದ ಗಾಡಿಯ ಸದ್ದು ಕೇಳಿದ ಅತ್ತೆ, "ಇದು ನಮ್ಮ ಗಾಡಿ ಹೊಟ್ಟಿ ಅಲ್ಲ, ಒಳಗಿಂದು ಬದಲಿ ಮಾಡ್ಯಾನ" ಅಂತ ಹಟ ಹಿಡಿದರು. ಮಾಡಿದ್ದನೋ ಇಲ್ಲವೋ ದೇವರಿಗೇ ಗೊತ್ತು. ಅವತ್ತಿನಿಂದ ಗಾಡಿ ಬೇರೆಯವರ ಅಂಗಳ ಕಾಣಲಿಲ್ಲ. ಕರಿ ತೆಗೆಯುವುದು ಮನೆಯ ಹಿತ್ತಲಿನಲ್ಲಿ, ಬೇವಿನ ಮರದ ಕೆಳಗೆ, ಅವರ ಕಣ್ಣೆದುರಿಗೆ.

ಅದಕ್ಕೆ ಅವರು ಇಟ್ಟ ಮುಹೂರ್ತ ಯುಗಾದಿ ಮತ್ತು ದಸರಾ. ಹಬ್ಬಕ್ಕೆ ಮನೆಯ ಜಂತೆ ಬಲೆ ತೆಗೆದು, ಸುಣ್ಣ ಬಳಿದು, ತಾಮ್ರ ಹಿತ್ತಾಳೆಯನ್ನೆಲ್ಲ ತಿಕ್ಕಿ ಬೆಳಗುವ ವಾರವೇ ಗಾಡಿಯ ಹೊಟ್ಟೆಯನ್ನೂ ತೊಳೆಯಬೇಕು. ಒಂದು ಕಡೆ ನಾನೂ ಕೆಲಸದವಳೂ ಕೊಡ ಹಂಡೆಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದರೆ ಇನ್ನೊಂದು ಕಡೆ ಮಣೆ ಹಾಕಿಕೊಂಡು ಅತ್ತೆ. ಎದುರಿಗೆ ಡ್ರೈವರು.

ಬಿಚ್ಚಿದ ನಟ್ಟುಗಳು ಹಿತ್ತಾಳೆ ತಟ್ಟೆಯಲ್ಲಿ, ಬಿಚ್ಚಿದ ಕ್ರಮದಲ್ಲೇ. ಮುಚ್ಚಳ ಎತ್ತಿದ ಮೇಲೆ ಪಿಸ್ಟನ್ನುಗಳ ತಲೆ ಕಾಣುತ್ತಿತ್ತು. ಹೊತ್ತಿದ ರೊಟ್ಟಿಯ ಹಾಗೆ ಕಪ್ಪಗೆ. ಪುಡಿ ಒಳಗೆ ಬೀಳಬಾರದೆಂದು ತೂತುಗಳಿಗೆ ಹಳೆಯ ಧೋತರದ ಚಿಂದಿ ತುರುಕುತ್ತಿದ್ದರು. ಕರಿಯ ಮೇಲೆ ಚಿಮಣಿ ಎಣ್ಣೆ ಸವರಿ ನೆನೆಯಲು ಬಿಟ್ಟು, ಆಮೇಲೆ ಬಿದಿರಿನ ಚಕ್ಕೆಯಿಂದ ಮೆಲ್ಲಗೆ ಕೆರೆಯುವುದು. ಕಬ್ಬಿಣ ತಾಗಿಸುವ ಹಾಗಿಲ್ಲ, ಗೀರು ಬೀಳುತ್ತದೆ. ಎದ್ದ ಹಕ್ಕಳೆಯನ್ನೆಲ್ಲ ಬಿಳಿ ಬಟ್ಟೆಯ ಮೇಲೆ ಹಾಕಬೇಕು. ಅತ್ತೆ ಒಂದು ಚಿಟಿಕೆ ಎತ್ತಿಕೊಂಡು ಆ ಎರಡು ಬೆರಳಲ್ಲಿ ತಿಕ್ಕಿ, ಕಣ್ಣು ಕಿರಿದು ಮಾಡಿಕೊಂಡು ಕೂತರೆಂದರೆ ಡ್ರೈವರು ಉಸಿರು ಬಿಡುತ್ತಿರಲಿಲ್ಲ.

ಇದು ಬರಿಯ ವೇಷವಲ್ಲ ಅಂತ ನನಗೆ ಗೊತ್ತಾದದ್ದು ಮದುವೆಯಾಗಿ ಬಂದ ಮೇಲಿನ ಮೊದಲ ಯುಗಾದಿಯಲ್ಲಿ. ನಮ್ಮ ಮನೆಯಲ್ಲಿ ಕೂಸುಗಳಿಗೆ ಹಚ್ಚುವ ಕಾಡಿಗೆಯನ್ನು ಅತ್ತೆಯೇ ಮಾಡುತ್ತಿದ್ದರು, ಹರಳೆಣ್ಣೆ ದೀಪದ ಮೇಲೆ ತಾಮ್ರದ ತಟ್ಟೆ ಕವುಚಿ. ಯಾವ ಎಣ್ಣೆ ಉರಿದರೆ ಎಂಥ ಕರಿ ಅನ್ನುವುದು ಅವರ ಬೆರಳಿಗೆ ತಿಳಿದಿತ್ತು. ಅವತ್ತು ಚಿಟಿಕೆ ತಿಕ್ಕಿದವರೇ ಅಂದರು: "ಕರಿ ಒಣಗೈತಿ. ಬಟ್ಟಿ ಮ್ಯಾಲಿಂದ ಹಾರ್ತೈತಿ ನೋಡು. ಪೆಟ್ರೋಲಿನಾಗ ಚಿಮಣಿ ಎಣ್ಣಿ ಕೂಡಿಸ್ಯಾರ."

ಪೆಟ್ರೋಲು ಬರುತ್ತಿದ್ದದ್ದು ಹೊಸಪೇಟೆಯ ಅಂಗಡಿಯೊಂದರಿಂದ. ನನ್ನ ಕಡೆ ತಿರುಗಿ, "ನಿಮ್ಮೂರಾಂವ. ನಿಮಗ ಏನರ ಸಂಬಂಧಾನ?" ಅಂತ ಕೇಳಿದರು. ನಾನು ಇಲ್ಲರಿ ಅಂದೆ. ಎರಡು ಸಲ ಅನ್ನಬೇಕಾಯಿತು.

ಮರುದಿನ ಅಂಗಡಿಗೆ ಹೋಗಿ ಗಾಡಿಯಿಂದ ಇಳಿಯದೆ ಅಂಗಡಿಯವನನ್ನು ಕರೆಸಿದರಂತೆ. ಒಂದು ತುಂಡು ಕಾಗದದ ಮೇಲೆ ಅವನ ಪೆಟ್ರೋಲು ಹನಿಸಿ, ಎಲ್ಲರೂ ನೋಡುತ್ತಿದ್ದ ಹಾಗೆ ಬಿಸಿಲಿಗೆ ಹಿಡಿದರು. ಒಳ್ಳೆಯ ಪೆಟ್ರೋಲು ಆರಿ ಮಾಯವಾಗಬೇಕು. ಇಲ್ಲಿ ಎಣ್ಣೆಯ ಕಲೆ ಉಳಿಯಿತು. "ಇದನ್ನ ನಿನ್ನ ಅಂಗಡಿ ಬಾಗಿಲಿಗೆ ಅಂಟಿಸಿಕೋ" ಅಂತ ಕಾಗದ ಕೊಟ್ಟು ಬಂದರು. ಅಂಗಡಿಯವನು ಕೆಲವು ದಿನ ಬಜಾರದಲ್ಲಿ ತಲೆ ಎತ್ತಲಿಲ್ಲ. ಅತ್ತೆಯ ಸಂಶಯಕ್ಕೆ ಅವತ್ತಿನಿಂದ ಕೋಡು ಮೂಡಿತು. ನಿಜ ಹೇಳಬೇಕೆಂದರೆ ನನಗೂ ಅವರ ಮೇಲೆ ಹೆಮ್ಮೆಯಾಯಿತು, ಹೊಸಪೇಟೆಯವಳಾದರೂ.

ಡ್ರೈವರನ ವಿಷಯ ಹೇಳಬೇಕು. ಸಂಡೂರಿನ ಕಡೆಯವನು. ಗುಂಗುರು ಮೀಸೆ, ಸದಾ ಸೀಟಿ, ಬಾಯಿ ತೆರೆದರೆ ಬಡಾಯಿ. ಸಂಸ್ಥಾನದ ರಾಜರ ಅತಿಥಿಗಳನ್ನು ಕೂಡಿಸಿಕೊಂಡು ಹುಲಿ ತೋರಿಸಿದ್ದೇನೆ ಅನ್ನುತ್ತಿದ್ದ. ಒಮ್ಮೆ ಒಂದು ಹುಲಿ, ಇನ್ನೊಮ್ಮೆ ಹೇಳುವಾಗ ಜೋಡಿ ಹುಲಿ. ಅವನ ಮಾತನ್ನು ನಾನೂ ಪೂರಾ ನಂಬುತ್ತಿರಲಿಲ್ಲ. ಆದರೆ ಗಾಡಿ ಹೊಡೆಯುವುದರಲ್ಲಿ ಅವನ ಕೈ ಮಸ್ತ್ ಇತ್ತು. ಕಮಲಾಪುರದ ಕೆರೆ ಏರಿಯ ಮೇಲೆ ಎದುರಿಗೆ ಕಬ್ಬಿನ ಬಂಡಿ ಬಂದರೆ ಎತ್ತು ಬೆದರದ ಹಾಗೆ ಸದ್ದಿಲ್ಲದೆ ಬದಿಗೆ ಸರಿಸುತ್ತಿದ್ದ.

ಆ ಯುಗಾದಿಯ ಮುಂದಿನ ದಸರೆಗೆ ಅತ್ತೆಗೆ ಏನು ಅನ್ನಿಸಿತೋ, ಕೆರೆಯುವ ಬಿದಿರನ್ನು ತಾವೇ ಕೈಗೆ ತೆಗೆದುಕೊಂಡರು. ಅಲ್ಲಿವರೆಗೆ ಡ್ರೈವರು ಕೆರೆಯುತ್ತಿದ್ದ, ಇವರು ಮಣೆಯ ಮೇಲೆ ಕೂತು ನೋಡುತ್ತಿದ್ದರು. ಹತ್ತಿರ ಬಗ್ಗಿದಾಗ ಕಂಡಿತು: ಅವನು ಕೆರೆದು ಮುಗಿಸಿದ್ದ ಪಿಸ್ಟನ್ನಿನ ನಡುಭಾಗ ಬೆಳ್ಳಗಾಗಿದೆ, ಅಂಚಿನ ಸುತ್ತ ಮಾತ್ರ ಬಳೆಯ ಹಾಗೆ ಕರಿ ಹಾಗೇ ಇದೆ.

"ಅಂಚು ಯಾಕ ಬಿಟ್ಟಿ?"

"ಬಿಡಬೇಕ್ರೀ ಅವ್ವಾರ."

"ಯಾಕ?"

"ಹಳೇ ಗಾಡಿಗೆ ಅಂಚಿಂದು ತೆಗೀಬಾರದಂತ ಹೇಳ್ಯಾರ್ರಿ."

"ಯಾರು ಹೇಳ್ಯಾರ?"

"ಯಾರೋ ಹೇಳಿದ್ರು, ಸಂಡೂರಾಗ."

ಆ 'ಯಾರೋ' ಅವನನ್ನು ಕೆಡಿಸಿತು. ಹೆಸರಿಲ್ಲದವನ ಮಾತನ್ನು ಕಾರಣವಿಲ್ಲದೆ ಒಪ್ಪುವ ಹೆಂಗಸು ನಮ್ಮತ್ತೆಯಲ್ಲ. ಮೇಲಾಗಿ ಹಬ್ಬದ ಶುದ್ಧಿ. ಆಚೆ ಹಂಡೆಗಳು ಥಳಥಳ ಹೊಳೆಯುತ್ತಿವೆ, ಈಚೆ ಇವನು ಕರಿ ಉಳಿಸು ಅನ್ನುತ್ತಿದ್ದಾನೆ! "ಮೈಗಳ್ಳ. ಹಬ್ಬದ ದಿನ ಮನ್ಯಾಗ ಕರಿ ಉಳಸ್ತೀಯೇನಲೇ?" ಅಂದವರೇ ಇಡೀ ದಿನ ಕೂತು ಒಂದೊಂದು ಪಿಸ್ಟನ್ನಿನ ಅಂಚನ್ನೂ ಕೆರೆದು, ತಿಕ್ಕಿ, ಒರೆಸಿ, ಹಿತ್ತಾಳೆ ಬಟ್ಟಲಿನ ಹಾಗೆ ಮಾಡಿದರು. ಡ್ರೈವರು ಸೀಟಿ ನಿಲ್ಲಿಸಿ ನೋಡುತ್ತ ನಿಂತಿದ್ದ. ಆಯುಧಪೂಜೆಗೆ ಗಾಡಿ ಚೆಂಡುಹೂವಿನ ಮಾಲೆ ಹಾಕಿಕೊಂಡು ಹೊರಟಿತು.

ದೀಪಾವಳಿ ಹತ್ತಿರ ಬರುವ ಹೊತ್ತಿಗೆ ಗಾಡಿ ಎಂಜಿನ್ ಎಣ್ಣೆ ಕುಡಿಯಲು ಶುರುಮಾಡಿತು. ಸುಮ್ಮನೆ ಕುಡಿಯುವುದಲ್ಲ, ಹೊಸಪೇಟೆಗೆ ಹೋಗಿ ಬಂದರೆ ಮತ್ತೆ ಹಾಕಬೇಕು ಅನ್ನುವಷ್ಟು. ಡ್ರೈವರು ಎಣ್ಣೆ ಕೇಳಿದ ಮೊದಲ ಸಲ ಅತ್ತೆ ಕೊಟ್ಟರು. ಎರಡನೆಯ ಸಲ ಅವನ ಮುಖ ನೋಡಿ ಕೊಟ್ಟರು. ಆಮೇಲೆ ಒಂದು ದಿನ ಅಂಗಳದಲ್ಲಿ, ಮಿಲ್ಲಿನ ಹಮಾಲರು, ಕೆಲಸದವರು ಎಲ್ಲ ಇದ್ದಾಗ ಕೇಳಿಯೇ ಬಿಟ್ಟರು: "ಎಣ್ಣಿ ಯಾರಿಗೆ ಮಾರಾಕತ್ತೀಯೋ?"

ಅವನು ಆಣೆ ಮಾಡಿದ. ತಾಯಿಯ ಮೇಲೆ, ಮಕ್ಕಳ ಮೇಲೆ. ಬಡಾಯಿ ಹೊಡೆಯುವವನ ಆಣೆಗೆ ಬೆಲೆ ಇರುವುದಿಲ್ಲ. ನನ್ನ ಯಜಮಾನರು ಮಿಲ್ಲು ನೋಡಿಕೊಳ್ಳುವವರು, ತಾಯಿಯ ಮಾತಿಗೆ ಅಡ್ಡ ಹೋಗುವವರಲ್ಲ; ಅವರು ಆಕಾಶ ನೋಡುತ್ತ ನಿಂತರು. ನಾನು ಬಾಗಿಲ ಮರೆಯಲ್ಲಿದ್ದೆ. ಕೆಲವು ವಾರಗಳಿಂದ ಗಾಡಿ ಹೊರಟಾಗಲೆಲ್ಲ ಹಿಂದೆ ನೀಲಿ ಹೊಗೆ ಬರುವುದನ್ನು ನೋಡಿದ್ದೆ, ಮೊದಲು ಅದು ಇರಲಿಲ್ಲ. ಬಾಯಿ ಸುಮ್ಮನಿರಲಿಲ್ಲ.

"ಅತ್ತಿ, ಎಣ್ಣಿ ಮಾರಿದ್ರ ಇಷ್ಟು ಹೊಗಿ ಯಾಕ ಬರ್ತೈತ್ರಿ? ಗಾಡಿ ಒಳಗ ಸುಡಾಕತ್ತಿದ್ರೇನ ಅಲ್ಲೇನ್ರಿ ಹೊಗಿ?"

ಅತ್ತೆ ನನ್ನ ಕಡೆ ತಿರುಗಿದರು. ತುಂಬ ನಿಧಾನವಾಗಿ ಕೇಳಿದರು: "ಅವ ಹೋಗೂದನ್ನ ನೀ ದಿನಾ ಕಿಟಕ್ಯಾಗ ನಿಂತು ನೋಡ್ತಿಯೇನು?"

ಹಮಾಲರು ನೆಲ ನೋಡಿದರು. ನನಗೆ ಇಪ್ಪತ್ತು ತುಂಬಿತ್ತೋ ಇಲ್ಲವೋ. ಒಳಗೆ ಹೋಗಿ ಬೀಸುಕಲ್ಲಿನ ಮುಂದೆ ಕೂತೆ. ಬೀಸಲಿಕ್ಕೆ ಏನೂ ಇರಲಿಲ್ಲ, ಬರೀ ಕಲ್ಲು ತಿರುಗಿಸಿದೆ.

ಡ್ರೈವರು ಅವತ್ತೇ ಹೋದ. ಅತ್ತೆ ಅಷ್ಟಕ್ಕೆ ಬಿಡಲಿಲ್ಲ. ಹೊಸಪೇಟೆಯಲ್ಲಿ ಗಾಡಿ ಇದ್ದ ಮನೆಗಳಿಗೆಲ್ಲ, ಅದೇ ಪೆಟ್ರೋಲು ಅಂಗಡಿಗೂ, ಇವನು ಎಣ್ಣೆ ಕಳ್ಳ ಅಂತ ಹೇಳಿ ಕಳಿಸಿದರು. ಈ ಕಡೆ ಅವನಿಗೆ ಯಾರೂ ಸ್ಟೇರಿಂಗ್ ಕೊಡಲಿಲ್ಲ. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಸಂಡೂರಿಗೆ ತಿರುಗಿ ಹೋದನೆಂದು ಸುದ್ದಿ ಬಂತು. ನಾನು ಅತ್ತೆಯ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದೆ. ಬಡಿಸಲೇನ್ರಿ. ಹೂಂ. ಸಾಕೇನ್ರಿ. ಹೂಂ. ಕಿಟಕಿಯ ಹತ್ತಿರ ಹೋಗುವುದನ್ನೇ ಬಿಟ್ಟೆ.

ಹೊಸ ಡ್ರೈವರು ವಯಸ್ಸಾದವನು, ಮಾತಿಲ್ಲದವನು. ಅತ್ತೆ ಎಣ್ಣೆ ಡಬ್ಬಿಯನ್ನು ದೇವರ ಮನೆಯಲ್ಲಿಟ್ಟು ಬೀಗ ಹಾಕಿದರು. ಗಾಡಿಗೆ ತಾವೇ ಸುರಿಯುತ್ತಿದ್ದರು, ತಾವೇ ಅಳತೆ ಕಡ್ಡಿ ಎಳೆದು ನೋಡುತ್ತಿದ್ದರು. ಆದರೂ ಎಣ್ಣೆ ಇಳಿಯಿತು. ಡ್ರೈವರನ್ನು ಹಿತ್ತಲಿಗೆ ಕಳಿಸಿ ತಾವು ಗಾಡಿಯ ಪಕ್ಕವೇ ಕೂತು ಕಾದರು. ಗಾಡಿಯಲ್ಲಿ ಕೂತೇ ಹೊಸಪೇಟೆಗೆ ಹೋಗಿ, ಇಳಿಯದೆ ತಿರುಗಿ ಬಂದರು. ಎಣ್ಣೆ ಇಳಿದಿತ್ತು, ಹಿಂದೆ ನೀಲಿ ಹೊಗೆ ಬಂದಿತ್ತು. ಸಂಶಯಪಡಲು ಮನುಷ್ಯರೇ ಉಳಿಯದೆ ಹೋದಾಗ ಅತ್ತೆಯನ್ನು ನೋಡಿ ನನಗೆ ಪಾಪ ಅನ್ನಿಸಿತು. ಅನ್ನಿಸಿದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು.

ಶಿವರಾತ್ರಿ ಕಳೆದ ಮೇಲೆ ಎಣ್ಣೆ ಕುಡಿಯುವುದು ತನ್ನಷ್ಟಕ್ಕೆ ಕಡಿಮೆಯಾಯಿತು. ಹೊಗೆಯೂ ತಿಳಿಯಾಯಿತು. ಯಾಕೆ ಅಂತ ಯಾರಿಗೂ ತಿಳಿಯಲಿಲ್ಲ. ಯುಗಾದಿಗೆ ಮತ್ತೆ ಮುಚ್ಚಳ ಎತ್ತಿದರು. ನಾನು ಹಂಡೆ ತಿಕ್ಕುತ್ತ ಓರೆಗಣ್ಣಲ್ಲಿ ನೋಡುತ್ತಿದ್ದೆ. ಪಿಸ್ಟನ್ನುಗಳ ತಲೆಯ ಮೇಲೆ ಕರಿ ಕಟ್ಟಿತ್ತು. ಅಂಚಿನ ಸುತ್ತ, ಅತ್ತೆ ಬಟ್ಟಲಿನ ಹಾಗೆ ಬೆಳಗಿದ್ದ ಜಾಗದಲ್ಲಿ, ಮತ್ತೆ ಬಳೆ ಕೂತಿತ್ತು. ಗಟ್ಟಿಯಾಗಿ, ಸಂದು ಮುಚ್ಚಿಕೊಂಡು. ಹೊಸ ಡ್ರೈವರು ನಡುಭಾಗ ಕೆರೆದು ಅಂಚಿಗೆ ಬಿದಿರು ತಂದ. ಅತ್ತೆ ಅವನ ಮಣಿಕಟ್ಟು ಹಿಡಿದರು.

"ಬ್ಯಾಡ. ಅದು ಇರಲಿ."

ಆಮೇಲೆ ತುಂಬ ಹೊತ್ತು ಆ ಕರಿ ಬಳೆಯನ್ನೇ ನೋಡುತ್ತ ಕೂತಿದ್ದರು. ಅದು ಇದ್ದಾಗ ಎಣ್ಣೆ ಒಳಗೇ ನಿಂತಿತ್ತು, ತಾವು ಅದನ್ನು ಕೆರೆದಾಗ ಸಂದಿನಿಂದ ಮೇಲೆ ಬಂದು ಸುಟ್ಟುಹೋಯಿತು, ಅದು ಮತ್ತೆ ಬೆಳೆದಾಗ ಮತ್ತೆ ನಿಂತಿತು. ಎಣ್ಣೆ ಕದ್ದವರು ಯಾರೆಂದು ಅವರಿಗೆ ಗೊತ್ತಾಗಿತ್ತು. ಮಧ್ಯಾಹ್ನ ಊಟ ಮಾಡಲಿಲ್ಲ.

ಹಬ್ಬ ಮುಗಿದ ಮರುದಿನ ಬೆಳಿಗ್ಗೆ ಗಾಡಿ ಹತ್ತಿ ಕೂತು ನನ್ನನ್ನು ಕರೆದರು. "ಬಾ, ನೀನೂ ಕುಂದ್ರು. ಸಂಡೂರಿಗೆ ಹೋಗೂಣು." ಕೇಳಿದ್ದಲ್ಲ, ಹೇಳಿದ್ದು. ನಾನು ಕೂತೆ. ಸಂಡೂರು ಆಗ ಬೇರೆ ಸಂಸ್ಥಾನ. ಗಡಿಯ ಸುಂಕದ ಕಟ್ಟೆಯವನು ಗಾಡಿ ನಿಲ್ಲಿಸಿ ಒಳಗೆ ಇಣುಕಿದ. ಅತ್ತೆ ಅವನ ಹೆಗಲ ಚೀಲದೊಳಗೆ ತಿರುಗಿ ಇಣುಕಿದರು. ಗುಡ್ಡದ ದಾರಿ ಹತ್ತುವಾಗ ಅದಿರಿನ ಧೂಳಿಗೆ ಇಬ್ಬರ ಸೀರೆಯೂ ಕೆಂಪಾಯಿತು.

ಹಳೆಯ ಡ್ರೈವರು ಅದಿರು ತುಂಬುವ ಜಾಗದಲ್ಲಿ ಲಾರಿಯ ಪಕ್ಕ ನಿಂತಿದ್ದ. ಮೈಮೇಲೆಲ್ಲ ಮಣ್ಣು, ಮೀಸೆಯೂ ಕೆಂಪು. ನಮ್ಮನ್ನು ಕಂಡು ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದ.

"ಅಂಚು ಬಿಡಬೇಕಂತ ನಿಂಗ ಹೇಳಿದಾಂವ ಯಾರು?" ಅತ್ತೆ ಮೊದಲು ಕೇಳಿದ್ದು ಅದನ್ನೇ.

"ಇಲ್ಲೇ ಲಾರಿ ಹೊಡಿತಿದ್ದ ಹಿರೇರ್ರಿ. ಸತ್ತು ಭಾಳ ದಿನ ಆತು. ಯಾಕಂತ ನಾನೂ ಕೇಳಲಿಲ್ಲ."

"ಕೇಳಬೇಕಿತ್ತು."

"ಕೇಳಬೇಕಿತ್ರಿ."

"ಎಣ್ಣಿ ನೀ ಮಾರಿಲ್ಲ. ನಾ ಅಂಚು ಕೆರದೆ, ಅದಕ್ಕ ಹೋತು. ತಪ್ಪು ನಂದು. ನಡಿ, ಗಾಡಿ ಹತ್ತು."

ಸ್ಟೇರಿಂಗ್ ಹಿಡಿದು ಕೂತಿದ್ದ ಹೊಸ ಡ್ರೈವರು ಇದನ್ನು ಕೇಳಿ ಮುಖ ಇಳಿಬಿಟ್ಟ. "ನೀ ಯಾಕ ಮಕ ಹಂಗ ಮಾಡ್ತಿ? ನಿಂಗ ಮಿಲ್ಲಿನಾಗ ಕೆಲಸ ಐತಿ" ಅಂತ ಅವನಿಗೂ ಒಂದು ಮಾತು ಬಿತ್ತು.

ಹಳೆಯ ಡ್ರೈವರು ವಸ್ತ್ರವನ್ನು ಸುತ್ತುತ್ತ, ಬಿಚ್ಚುತ್ತ ನಿಂತ. "ಬರಂಗಿಲ್ರೀ ಅವ್ವಾರ."

"ನನ್ನ ಮ್ಯಾಲ ಸಿಟ್ಟಾ?"

"ಸಿಟ್ಟಲ್ರೀ, ಅಂಜಿಕಿ. ನಾಳೆ ಮತ್ತೊಂದು ಏನರ ಕಮ್ಮಿ ಆದ್ರ ನೀವು ನನ್ನ ಮಕ ನೋಡ್ತೀರಿ. ಬಾಯಿಲೆ ಏನೂ ಅನ್ನಂಗಿಲ್ಲ, ಆದ್ರ ನೋಡ್ತೀರಿ. ಅಂಜಿಕೋಂತ ಗಾಡಿ ಹೊಡಿಯಾಕ ಆಗೂದಿಲ್ರಿ."

ಅವನು ಗಡಿಗೆಯಿಂದ ನೀರು ತಂದು ಕೊಟ್ಟ. ಅತ್ತೆ ಕುಡಿದು ಗಾಡಿ ಹತ್ತಿದರು. ಹುಲಿಯ ಮಾತು ಅವತ್ತು ಅವನ ಬಾಯಲ್ಲಿ ಬರಲಿಲ್ಲ. ಅದು ನನಗೆ ತುಂಬ ದುಃಖ ಕೊಟ್ಟಿತು.

ತಿರುಗಿ ಬರುವಾಗ ಹೊಸಪೇಟೆಯ ಆ ಪೆಟ್ರೋಲು ಅಂಗಡಿಯ ಮುಂದೆ ಗಾಡಿ ನಿಲ್ಲಿಸಲು ಹೇಳಿದರು. ಈ ಸಲ ಇಳಿದರು. ಅಂಗಡಿಯ ಮುಂದೆ ಸಂತೆಯ ಜನ. ಎಲ್ಲರಿಗೂ ಕೇಳುವ ಹಾಗೆ, "ನಮ್ಮ ಡ್ರೈವರ್ ಎಣ್ಣಿ ಕಳ್ಳ ಅಂತ ನಾ ಹೇಳಿ ಕಳಿಸಿದ್ದೆ. ಅವ ಕಳ್ಳ ಅಲ್ಲ. ಸುಳ್ಳು ನಂದು. ಎಲ್ಲಾರಿಗೂ ಹೇಳ್ರಿ" ಅಂದರು. ಅಂಗಡಿಯವನ ಮುಖ ಅರಳಿತು. "ಹಂಗಂದ್ರ ಅವ್ವಾರ, ನನ್ನ ಪೆಟ್ರೋಲಿನ ಮಾತೂ..." ಅಂತ ಬಾಯಿ ಹಾಕಿದ.

"ನೀ ಕಳ್ಳನ ಹೌದು" ಅಂದು ಅತ್ತೆ ಗಾಡಿ ಹತ್ತಿದರು.

ಕಮಲಾಪುರ ದಾಟಿ ಬಾಳೆತೋಟಗಳ ನಡುವೆ ಬಂದೆವು. ಅತ್ತೆ ರಸ್ತೆ ನೋಡುತ್ತಲೇ ಅಂದರು: "ಅವತ್ತು ನಿಂಗ ಕಿಟಕಿ ಮಾತು ಆಡಿದೆ. ಹೊಲಸು ಮಾತು."

ಇರಲಿ ಬಿಡ್ರಿ ಅನ್ನಬೇಕಿತ್ತು, ಸೊಸೆಯಾದವಳು. ನಾನು ಅನ್ನಲಿಲ್ಲ. "ಹೌದ್ರಿ, ಹೊಲಸು ಮಾತು" ಅಂದೆ.

ಅವರು ತಲೆ ಆಡಿಸಿದರು. ನನಗೆ ಅಳು ಬಂತು. ಅತ್ತೆ ತಮ್ಮ ಸೆರಗಿನ ಚುಂಗು ಕೊಟ್ಟರು, ಅದರಲ್ಲಿ ಕಣ್ಣು ಒರೆಸಿಕೊಂಡರೆ ಮುಖವೆಲ್ಲ ಸಂಡೂರಿನ ಮಣ್ಣು.

ಅತ್ತೆ ಬದಲಾದರು ಅಂತ ಬರೆದರೆ ನೀವು ನಂಬಬೇಡಿ. ಹಾಲಿನವಳು, ಬಳೆಗಾರ, ಮಠದ ವಿಭೂತಿ, ಎಲ್ಲರ ಮೇಲೂ ಆ ಎರಡು ಬೆರಳು ಕೊನೆಯವರೆಗೆ ಆಡಿದವು. ಗಾಡಿಯ ಕರಿ ಪ್ರತಿ ಹಬ್ಬಕ್ಕೂ ಕೆರೆಯುತ್ತಿದ್ದರು, ಅಂಚು ಬಿಟ್ಟು. ಯುದ್ಧದಲ್ಲಿ ಪೆಟ್ರೋಲು ಸಿಗದೆ ಗಾಡಿ ನಿಂತ ಮೇಲೂ ಹಿತ್ತಲಿಗೆ ಹೋಗಿ ಅದರ ಮೇಲಿನ ಧೂಳನ್ನು ತಿಕ್ಕಿ ನೋಡಿ ಬರುತ್ತಿದ್ದರು. ಆದರೆ ನಾನು ಕೊಟ್ಟದ್ದನ್ನು ತಿಕ್ಕುವುದು ಯಾವಾಗಲೋ ನಿಂತುಹೋಗಿತ್ತು. ಅದು ನನ್ನ ಲಕ್ಷ್ಯಕ್ಕೇ ಬಂದಿರಲಿಲ್ಲ.

ಬಂದದ್ದು ಅವರು ಹಾಸಿಗೆ ಹಿಡಿದಾಗ. ಹೊಳೆಗೆ ದೊಡ್ಡ ಕಟ್ಟೆ ಕಟ್ಟುತ್ತಾರಂತೆ ಅನ್ನುವ ಮಾತು ಹೊಸಪೇಟೆಯಲ್ಲಿ ಹಬ್ಬಿದ್ದ ಕಾಲ. ಡಾಕ್ಟರು ಬಂದು ಪೊಟ್ಟಣದಲ್ಲಿ ಬಿಳಿ ಪುಡಿ ಕೊಟ್ಟರು. ಅತ್ತೆ ಸೋತ ಕೈ ಎತ್ತಿ ಒಂದು ಚಿಟಿಕೆ ತೆಗೆದುಕೊಂಡು ತಿಕ್ಕಿದರು. "ಇದು ಬರೇ ಸುಣ್ಣ, ಒಯ್ಯಿರಿ" ಅಂತ ಬಾಯಿ ಬಿಗಿ ಹಿಡಿದರು. ಮಗ ಕೊಡಲು ಹೋದರು. ಅವರ ಕೈಯಲ್ಲಿದ್ದುದನ್ನೂ ತಿಕ್ಕಿ ನೋಡಿದರು. ನಾನು ಅದೇ ಪುಡಿಯನ್ನು ಜೇನಿನಲ್ಲಿ ಕಲಸಿ ತಂದೆ. ಅತ್ತೆ ನನ್ನ ಕೈ ನೋಡಲಿಲ್ಲ, ಬಟ್ಟಲು ನೋಡಲಿಲ್ಲ. ಬಾಯಿ ತೆರೆದರು. ನಾನು ಆಚೆ ಹೋಗಿ ಕಿಟಕಿ ಹಿಡಿದುಕೊಂಡು ನಿಂತೆ.

ಅವರು ಹೋದ ದಿನ ನೆರೆಯ ಹೆಂಗಸರು ಸೇರಿ ಮೈ ತೊಳೆದರು. ಬಲಗೈ ಹೆಬ್ಬೆರಳಿನ ಕರಿ ಹೋಗಲಿಲ್ಲ. ಒಬ್ಬರು, ಹುಣಸೆಹಣ್ಣು ತರ್ರಿ, ತಿಕ್ಕೂಣು, ಹಿಂಗ ಕಳಿಸಬಾರದು ಅಂದರು. ನಾನು ಆ ಕೈಯನ್ನು ನನ್ನ ಎರಡು ಕೈಯಲ್ಲಿ ಹಿಡಿದುಕೊಂಡೆ.

"ಬ್ಯಾಡ್ರಿ. ಅದು ಇರಲಿ" ಅಂದೆ.